ಮೀನಿಲ್ಲದ ತೊಟ್ಟಿ

ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಹುಳಗಳಿಗೇ ಜಾಗ ಹೆಚ್ಚಿತ್ತು. ಕೂಟಗಲ್ಲಿನಿಂದ ಎರಡು ಮೈಲಿ ಒಳಕ್ಕಿದ್ದ ಊರು ನಮ್ಮದು. ಉಣ್ಣುವುದು, ಓದುವುದು, ಮಲಗುವುದು, ಬಂದವರನ್ನು ಕೂರಿಸುವುದು ಎಲ್ಲಕ್ಕೂ ನಮಗಿದ್ದದ್ದು ಒಂದೇ ನಡುಮನೆ. ಅದರ ಗೋಡೆಗೆ ಅಂಟಿಕೊಂಡಿದ್ದ ರೇಷ್ಮೆಹುಳದ ಮನೆ ಅದರ ಎರಡರಷ್ಟು ಉದ್ದ. ನೆಲಕ್ಕೆ ನಯವಾದ ಸಿಮೆಂಟು, ಕಿಟಕಿಗಳಿಗೆಲ್ಲ ನೊಣ ನುಗ್ಗದ ಹಾಗೆ ಹಸಿರು ಬಲೆ. ನಡುಮನೆಯಲ್ಲಿ ಅಲ್ಲಲ್ಲಿ ಕಿತ್ತುಹೋದ ಗಾರೆ, ಕಿಟಕಿಗೆ ಅವ್ವನ ಹಳೆಯ ಸೀರೆ. ಈ ವಿಷಯಕ್ಕೆ ಅವ್ವ ತಿಂಗಳಿಗೊಂದು ಸಲವಾದರೂ ಜಗಳ ತೆಗೆಯುತ್ತಿದ್ದಳು. ಹುಳ ಜ್ವರಕ್ಕೆ ಕೂತಾಗಂತೂ ಜಗಳ ಗ್ಯಾರಂಟಿ. ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಹಳೆಯ ಚರ್ಮ ಕಳಚಲು ಹುಳಗಳು ಅಲ್ಲಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಒಂದು ಬೆಳೆಗೆ ನಾಲ್ಕು ಜ್ವರ. ಆ ಹೊತ್ತಿನಲ್ಲಿ ಒಗ್ಗರಣೆಯ ಘಾಟು ಹುಳಕ್ಕೆ ಆಗುವುದಿಲ್ಲ ಎಂಬುದು ಅಪ್ಪನ ನಂಬಿಕೆ. ಹಾಗಾಗಿ ಅವತ್ತು ದಿನವಿಡೀ ಒಲೆಯ ಮೇಲೆ ಹುರಿಯುವಂತಿಲ್ಲ, ಕರಿಯುವಂತಿಲ್ಲ, ಬರೀ ಮುದ್ದೆ ಮತ್ತು ಉಪ್ಸಾರು.

"ಹುಳಕ್ಕೆ ಜ್ವರ ಬಂದ್ರೆ ಮನೆಮಂದಿಗೆಲ್ಲ ಪತ್ಯ. ಹೋದ್ ತಿಂಗ್ಳು ನಂಗೆ ಜ್ವರ ಬಂದಿತ್ತಲ್ಲ, ಆಗ ಯಾವ ಹುಳ ಉಪಾಸ ಇತ್ತು?" ಅನ್ನುತ್ತಿದ್ದಳು ಅವ್ವ.

ಅಪ್ಪ ಮಾತಿನ ಮನುಷ್ಯನಲ್ಲ. ನಾನು ಹುಟ್ಟುವ ಮೊದಲು ಎರಡು ಬೆಳೆ ಹಾಲುತೊಂಡೆ ರೋಗಕ್ಕೆ ಹೋಗಿದ್ದವಂತೆ. ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳಗಳು ಊದಿಕೊಂಡು, ಮುಟ್ಟಿದರೆ ಹಾಲಿನಂಥ ನೀರು ಒಸರಿ, ತಟ್ಟೆ ತಟ್ಟೆಯೇ ಗುಂಡಿಗೆ ಸುರಿದಿದ್ದರಂತೆ. ಅಲ್ಲಿಂದ ಅಪ್ಪನಿಗೆ ಕಣ್ಣಿಗೆ ಕಾಣದ ಕ್ರಿಮಿಗಳ ಮೇಲೆ ಹಗೆ. ಒಂದು ಬೆಳೆ ಎತ್ತಿ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋದ ಮರುದಿನವೇ ಹುಳದ ಮನೆಯ ನೆಲ, ಗೋಡೆ, ಸ್ಟ್ಯಾಂಡು, ತಟ್ಟೆ, ಹುಳ ಗೂಡು ಕಟ್ಟುವ ಚಂದ್ರಿಕೆ ಎಲ್ಲವೂ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ತೊಳೆದಾಗಬೇಕು. ಬಾಗಿಲಲ್ಲಿ ಒಂದು ಟಬ್ಬು ಸದಾ ಇರುತ್ತಿತ್ತು. ಅದರಲ್ಲಿ ಕೈಕಾಲು ಅದ್ದದೆ ತಾಸೀಲ್ದಾರನೇ ಬಂದರೂ ಒಳಗೆ ಬಿಡುತ್ತಿರಲಿಲ್ಲ. ಆ ಟಬ್ಬಿನ ನೀರು ಕಲಸುವುದು ನನ್ನ ಕೆಲಸ. ಒಂಬತ್ತು ವರ್ಷದವಳಿದ್ದಾಗಿನಿಂದ ಅದು ನನ್ನದೇ. ಪುಡಿ ಹಾಕಿ, ಕೋಲಿನಲ್ಲಿ ತಿರುವಿ, ಅಪ್ಪನನ್ನು ಕರೆಯುತ್ತಿದ್ದೆ. ಅವನು ಬಂದು ಬಗ್ಗಿ ಒಂದು ಸಲ ಮೂಸಿ ನೋಡುತ್ತಿದ್ದ.

"ಮೂಗಿಗೆ ಒಸಿ ಹೊಡೀಬೇಕು, ಕಣ್ಣಲ್ಲಿ ನೀರ್ ಬರಬಾರ್ದು. ಸರಿಯಾಗೈತೆ ಕಣವ್ವ."

ಅಷ್ಟೇ. ಅಪ್ಪ ನನಗೆ ಅಂತ ಆಡುತ್ತಿದ್ದ ಮಾತುಗಳಲ್ಲಿ ಅತಿ ಉದ್ದದ್ದು ಅದು. ನಾನು ಒಬ್ಬಳೇ ಮಗಳು. ಹಂಚಿಕೊಳ್ಳುವ ಅಭ್ಯಾಸ ನನಗೆ ಯಾರೂ ಮಾಡಿಸಿರಲಿಲ್ಲ. ತಲೆ ಸವರುವುದು, ಮುದ್ದು ಮಾಡುವುದು ನಮ್ಮ ಮನೆಯಲ್ಲಿ ಇರಲಿಲ್ಲ. ಬಗ್ಗಿ ಮೂಸಿ ನೋಡುವ ಆ ಒಂದು ಗಳಿಗೆಯೇ ನನ್ನ ಪಾಲಿಗೆ ಎಲ್ಲ. ಅದನ್ನು ನೆನೆಸಿಕೊಂಡು ಸ್ಕೂಲಿನಲ್ಲಿ ದಿನವಿಡೀ ಕೈ ಮೂಸಿಕೊಂಡಿರುತ್ತಿದ್ದೆ, ಪಕ್ಕದಲ್ಲಿ ಕೂರುವವರು ಬೈದರೂ ಸರಿಯೇ.

ನನಗೆ ಹದಿಮೂರಾಗಿದ್ದಾಗ ನಂದಿನಿ ಬಂದಳು. ಅಪ್ಪನ ತಂಗಿಯ ಮಗಳು, ನನ್ನದೇ ವಯಸ್ಸು, ನನಗಿಂತ ಮೂರು ತಿಂಗಳು ಚಿಕ್ಕವಳು. ಅವರದು ಕನಕಪುರ. ಅವಳಪ್ಪ ಅಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟಿದ್ದರು. ಅತ್ತೆಗೆ ಎರಡು ಸಲ ಗರ್ಭ ಇಳಿದುಹೋಗಿ, ಮೂರನೆಯ ಸಲಕ್ಕೆ ಡಾಕ್ಟರು ಮಂಚ ಬಿಟ್ಟು ಕದಲಬಾರದು ಅಂದಿದ್ದರು. ಮನೆಯಲ್ಲಿ ಮಾಡಿಹಾಕುವವರಿಲ್ಲ, ಹುಡುಗಿ ನಾಲ್ಕೈದು ತಿಂಗಳು ಮಾವನ ಮನೆಯಲ್ಲಿರಲಿ ಎಂದು ತೀರ್ಮಾನವಾಯಿತು. (ಆ ಮಗುವೇ ಈಗ ಗಡ್ಡ ಬಿಟ್ಟುಕೊಂಡು ಕನಕಪುರದ ಅಂಗಡಿಯಲ್ಲಿ ಕೂರುತ್ತಾನೆ.) ಅವಳು ಬಂದದ್ದು ಒಂದು ಬಟ್ಟೆಯ ಬ್ಯಾಗು ಮತ್ತು ಒಂದು ಗಾಜಿನ ತೊಟ್ಟಿಯ ಜೊತೆ. ತೊಟ್ಟಿಯನ್ನು ಎಲ್ಲಿಡುವುದು ಎಂಬ ಪ್ರಶ್ನೆ ಬಂತು. ನಡುಮನೆಯ ಗೋಡೆಗೆ ಸೇರಿದಂತೆ ಒಂದು ಕಲ್ಲಿನ ಕಟ್ಟೆಯಿತ್ತು, ಅದರ ಮೇಲೆ ನನ್ನ ಪುಸ್ತಕಗಳಿದ್ದವು. ಅಪ್ಪ ಒಂದು ಮಾತೂ ಕೇಳದೆ ಪುಸ್ತಕಗಳನ್ನು ಎತ್ತಿ ರಾಗಿ ಮೂಟೆಯ ಮೇಲಿಟ್ಟ. ನನ್ನ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಅಲ್ಲಿಂದ. ಈಗ ನಲವತ್ತು ದಾಟಿದ ಮೇಲೂ ಯಾರಾದರೂ ನನ್ನ ವಸ್ತು ಎತ್ತಿ ಬೇರೆ ಕಡೆ ಇಟ್ಟರೆ ನನಗೆ ಮೈಯೆಲ್ಲ ಉರಿಯುತ್ತದೆ.

ತೊಟ್ಟಿಗೆ ಜಲ್ಲಿ ಹಾಕಿದರು, ಬೋರಿನ ನೀರು ತುಂಬಿದರು, ಒಂದು ಮೂಲೆಯಲ್ಲಿ ಕರಿಯ ಡಬ್ಬಿಯಂಥ ಫಿಲ್ಟರು ಕೂರಿಸಿ ವೈರು ಸಿಕ್ಕಿಸಿದರು. ಗುಳುಗುಳು ಸದ್ದು ಶುರುವಾಯಿತು. ಮೀನೆಲ್ಲಿ ಎಂದು ಅಕ್ಕಪಕ್ಕದ ಮಕ್ಕಳೆಲ್ಲ ಬಂದು ನಿಂತರು. ಮೀನಿಲ್ಲ. ನಂದಿನಿ ಸಣ್ಣ ಡಬ್ಬಿಯಿಂದ ಚಿಟಿಕೆ ಮೀನಿನ ಆಹಾರ ತೆಗೆದು ಖಾಲಿ ನೀರಿಗೆ ಉದುರಿಸಿದಳು. ಮರುದಿನವೂ ಹಾಗೇ. ಅದರ ಮರುದಿನವೂ.

"ಏನ್ ಕೂಸೇ ಇದು, ಇಲ್ದಿರೋ ಮೀನ್‌ಗೆ ಉಣ್ಣಾಕ್ ಇಕ್ತಿದ್ದೀಯಲ್ಲ" ಎಂದು ಅವ್ವ ನಕ್ಕಳು. "ನಮ್ಮನೇಲಿ ಮೀನ್ ಅಂದ್ರೆ ಸಾರು. ಇದ್ಯಾವ್ದು ಬರೀ ನೀರ್ ಸಾಕದು?"

"ಈಗ್ಲೇ ಮೀನು ಬಿಟ್ರೆ ಸತ್ತೋಗ್ತವೆ ಅತ್ತೆ" ಎಂದಳು ನಂದಿನಿ. "ಮೀನಿನ ಹೇಲು ಉಚ್ಚೇಲಿ ವಿಷ ಇರುತ್ತೆ. ಆ ವಿಷ ತಿನ್ನೋ ಬ್ಯಾಕ್ಟೀರಿಯಾ ಮೊದಲು ನೀರಲ್ಲಿ ಬೆಳೀಬೇಕು. ಅದಕ್ಕೇ ಈ ಆಹಾರ ಕೊಳೀಲಿ ಅಂತ ಹಾಕೋದು. ಒಂದು ತಿಂಗಳು ಆಗುತ್ತೆ. ಅಂಗಡಿ ತೊಟ್ಟಿಯ ಫಿಲ್ಟರ್ ಸ್ಪಂಜು ತಂದು ಹಾಕಿದ್ರೆ ಬೇಗ ಆಗುತ್ತೆ, ಆದ್ರೆ ರೋಗಾನೂ ಜೊತೇಲಿ ಬರುತ್ತೆ ಅಂತ ಅಪ್ಪ ಕೊಡ್ಲಿಲ್ಲ."

ಬಾಗಿಲಲ್ಲಿ ಕೂತು ಕುಡುಗೋಲು ಮಸೆಯುತ್ತಿದ್ದ ಅಪ್ಪ ತಲೆ ಎತ್ತಿದ. ರೋಗ ಎಂಬ ಮಾತು ಅವನ ಕಿವಿಗೆ ಬಿದ್ದಿತ್ತು.

"ಬ್ಯಾಕ್ಟೀರಿಯಾ ಬೆಳೆಸ್ತಾರಾ? ಕೊಲ್ಲೋದಲ್ವಾ ಅದನ್ನ?"

"ಒಳ್ಳೇದೂ ಇರುತ್ತೆ ಮಾವ. ಮೊಸರು ಹೆಂಗಾಗುತ್ತೆ ಮತ್ತೆ?"

ಅಪ್ಪ ಕುಡುಗೋಲು ಕೆಳಗಿಟ್ಟು ಎದ್ದು ಬಂದ. ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಏನೂ ಇಲ್ಲದ ನೀರನ್ನು ನೋಡಿದ. ನಾನು ಅವನನ್ನು ನೋಡುತ್ತಿದ್ದೆ. ಮೊಸರಿನ ಮಾತು ನನಗೆ ಯಾಕೆ ಹೊಳೆಯಲಿಲ್ಲ ಎಂದು ನನಗೆ ಅಳು ಬರುವಷ್ಟು ಸಂಕಟವಾಯಿತು. ಪ್ರತಿದಿನ ಹಾಲಿಗೆ ಹೆಪ್ಪು ಹಾಕುತ್ತಿದ್ದವಳು ನಾನು. ಆ ಮಾತು ನನ್ನದಾಗಬೇಕಿತ್ತು.

ಅಲ್ಲಿಂದ ಪ್ರತಿ ಸಂಜೆ ಇಬ್ಬರದೂ ಅದೇ ಕೆಲಸ. ಅಪ್ಪ ತೋಟದಿಂದ ಬಂದು, ಕೈ ತೊಳೆದು, ಕಾಫಿ ಲೋಟ ಹಿಡಿದುಕೊಂಡು ನೇರ ತೊಟ್ಟಿಯ ಮುಂದೆ. ನಂದಿನಿ ಗಾಜಿನ ನಳಿಗೆಯಲ್ಲಿ ಒಸಿ ನೀರು ತೆಗೆದು, ಸಣ್ಣ ಬಾಟಲಿಯಿಂದ ಹನಿಹನಿಯಾಗಿ ಔಷಧಿ ಬಿಟ್ಟು, ಅಲ್ಲಾಡಿಸಿ ಬೆಳಕಿಗೆ ಹಿಡಿಯುತ್ತಿದ್ದಳು. ಹಳದಿಯಾಗಿದ್ದರೆ ವಿಷವಿಲ್ಲ, ಹಸಿರಾದರೆ ವಿಷ. ಮೊದಲ ವಾರ ಹಸಿರು ದಿನೇ ದಿನೇ ಕಡುವಾಯಿತು. ಎರಡನೇ ವಾರ ಇಳಿಯುತ್ತ ಬಂತು, ಬದಲಿಗೆ ಇನ್ನೊಂದು ಬಾಟಲಿಯ ಔಷಧಿ ಬಿಟ್ಟರೆ ನೇರಳೆ ಬಣ್ಣ. ಅದು ಎರಡನೆಯ ವಿಷವಂತೆ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಇನ್ನೂ ಹುಟ್ಟಬೇಕಂತೆ. ಅಪ್ಪನಿಗೆ ಇದೆಲ್ಲ ಎಷ್ಟು ಬೇಗ ಅರ್ಥವಾಯಿತೆಂದರೆ, ಒಂದು ದಿನ ಅವನು ನಳಿಗೆಯನ್ನು ಕಣ್ಣಿನ ಹತ್ತಿರ ಹಿಡಿದು,

"ಎರಡ್ನೇ ಜ್ವರ ಎದ್ದೈತೆ ಕಣವ್ವ. ಇನ್ನು ಮೂರ್ನೇದಕ್ಕೆ ಕೂತ್ಕತದೆ" ಎಂದ.

ನಂದಿನಿ ಗಹಗಹಿಸಿ ನಕ್ಕಳು. ನನಗೆ ಕೈಯಲ್ಲಿದ್ದ ತಟ್ಟೆ ಎಸೆಯಬೇಕು ಅನ್ನಿಸಿತು. ಜ್ವರ ನಮ್ಮ ಮಾತು. ಹುಳದ ಮನೆಯೊಳಗೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ನಾನೂ ಅಪ್ಪನೂ ಪಿಸುಗುಟ್ಟುತ್ತಿದ್ದ ಮಾತು. ಅದನ್ನು ತಂದು ಅವಳ ತೊಟ್ಟಿಗೆ ಹಾಕಿಬಿಟ್ಟ. ಅವತ್ತು ನಾನು ಊಟ ಬೇಡವೆಂದು ಕೂತೆ. ಅಪ್ಪನಿಗೆ ಅದು ಗೊತ್ತೇ ಆಗಲಿಲ್ಲ. ಅವ್ವ ಬಂದು, "ಯಾಕೆ, ಬಸ್ಸಾರು ಸೇರ್ಲಿಲ್ವಾ ಮಹಾರಾಣಿಗೆ?" ಅಂದಳು. ಪರೀಕ್ಷೆಯಲ್ಲಿ ಗಣಿತಕ್ಕೆ ಇಡೀ ಕ್ಲಾಸಿಗೆ ಹೆಚ್ಚು ಅಂಕ ಬಂದ ದಿನ ಪತ್ರಿಕೆ ಹಿಡಿದುಕೊಂಡು ಅಪ್ಪನ ಪಕ್ಕ ನಿಂತೆ. "ಹೂಂ, ಒಳ್ಳೇದು" ಎಂದ, ಕಣ್ಣು ನೇರಳೆ ಬಣ್ಣದ ಮೇಲೆ. ನಂದಿನಿಯೇ ಪತ್ರಿಕೆ ಈಸಿಕೊಂಡು, "ಎಷ್ಟು ಚೆನ್ನಾಗ್ ಮಾಡಿದ್ದೀಯ ಭಾಗಿ, ನಂಗೂ ಹೇಳ್ಕೊಡೇ" ಎಂದಳು. ಅದಕ್ಕೆ ಇನ್ನೂ ಉರಿಯಿತು. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಮಾರನೆಯ ದಿನ ಆಹಾರದ ಡಬ್ಬಿ ನನ್ನ ಮುಂದೆ ಹಿಡಿದು, "ಇವತ್ತು ನೀನ್ ಹಾಕು" ಎಂದಳು. ನನಗೆ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೂ "ನಂಗೆ ಮಾಡಾಕ್ ಕೆಲ್ಸ ಇಲ್ವಾ?" ಎಂದು ಹಿತ್ತಲಿಗೆ ಹೋದೆ, ಅಲ್ಲಿ ಯಾವ ಕೆಲಸವೂ ಇಲ್ಲದೆ ಸುಮ್ಮನೆ ನಿಂತೆ.

ಒಂದು ಸಲ ಅವಳು ಫಿಲ್ಟರಿನ ಡಬ್ಬಿ ಬಿಚ್ಚಿ ಒಳಗಿನ ಕಪ್ಪು ಸ್ಪಂಜನ್ನು ನಮಗೆ ತೋರಿಸಿದಳು. ಮುಟ್ಟಿದರೆ ಲೋಳೆಲೋಳೆ. "ಎಲ್ಲಾ ಇದರಲ್ಲೇ ಇರೋದು ಮಾವ. ಗಲೀಜು ಅಂತ ತೊಳೆದ್ರೆ ಮುಗೀತು, ಇಷ್ಟ್ ದಿನ ಮಾಡಿದ್ದೆಲ್ಲ ನೀರುಪಾಲು" ಎಂದಳು. ಅಪ್ಪ ಒಂದು ಬೆರಳಿನಿಂದ ಅದನ್ನು ಮುಟ್ಟಿದ್ದು, ಹುಳ ಹಣ್ಣಾಯಿತೋ ಇಲ್ಲವೋ ಎಂದು ಮುಟ್ಟಿ ನೋಡುವ ಹಾಗೆಯೇ. ನಾನೂ ಅಲ್ಲೇ ನಿಂತಿದ್ದೆ. ಚೆನ್ನಾಗಿ ಕೇಳಿಸಿಕೊಂಡೆ. ಗೊತ್ತಿರಲಿಲ್ಲ ಎಂದು ನಾನು ಇವತ್ತಿಗೂ ಹೇಳುವಂತಿಲ್ಲ.

ನಾಲ್ಕನೇ ವಾರಕ್ಕೆ ಹಸಿರೂ ನೇರಳೆಯೂ ಎರಡೂ ಇಳಿದುಹೋದವು. ಭಾನುವಾರ ನಂದಿನಿಯ ಅಪ್ಪ ಮೀನು ತರುವುದೆಂದು ಫೋನಿನಲ್ಲಿ ಮಾತಾಯಿತು. ಅದೇ ವಾರ ನಮಗೂ ಹೊಸ ಬೆಳೆಗೆ ಚಾಕಿ ಹುಳ, ಅಂದರೆ ಮರಿಹುಳ, ಬರಬೇಕಿತ್ತು. ಗುರುವಾರ ಹುಳದ ಮನೆ ತೊಳೆಯುವ ದಿನ. ಬೆಳಿಗ್ಗೆ ನಾನು ಎಂದಿಗಿಂತ ಜೋಪಾನವಾಗಿ ನೀರು ಕಲಸಿದೆ. ಗಂಟು ನಿಲ್ಲದ ಹಾಗೆ ತಿರುವಿದೆ. ಅಪ್ಪನನ್ನು ಕರೆದೆ. ಅವನು ಬಂದ, ಹಿಂದಕ್ಕೆ ತಿರುಗಿಕೊಂಡು ನಂದಿನಿಯ ಜೊತೆ ಮಾತಾಡುತ್ತಲೇ ಬಂದ. ಮೊದಲು ಎಷ್ಟು ಮೀನು ಬಿಡುವುದು, ಆರೋ ನಾಲ್ಕೋ ಎಂಬ ಚರ್ಚೆ. ಮಾತಾಡುತ್ತಲೇ ಎರಡೂ ಕೈ ಟಬ್ಬಿನಲ್ಲಿ ಅದ್ದಿ, ತಟ್ಟೆ ತೊಳೆಯಲು ಶುರುಮಾಡಿದ. ಬಗ್ಗಲಿಲ್ಲ. ಮೂಸಿ ನೋಡಲಿಲ್ಲ. ನಾನು ಕೋಲು ಹಿಡಿದು ಕಾಯುತ್ತ ನಿಂತೇ ಇದ್ದೆ.

"ಯಾಕವ್ವ ನಿಂತ್ಬುಟ್ಟೆ? ಆ ಚಂದ್ರಿಕೆ ತತ್ತಾ" ಎಂದ.

ಆಮೇಲೆ ಹನ್ನೊಂದರ ಹೊತ್ತಿಗೆ ಕಾಫಿಗೆ ಒಳಗೆ ಬಂದವನು, ಫಿಲ್ಟರು ಕಟಕಟ ಅನ್ನುತ್ತಿದೆಯೆಂದು ತೊಟ್ಟಿಯೊಳಗೆ ಕೈಹಾಕಿ ಡಬ್ಬಿಯನ್ನು ಸರಿಯಾಗಿ ಕೂರಿಸಿದ. ನಂದಿನಿ ಕೈ ತೊಳೆದುಕೊಂಡಿದ್ದೀರಾ ಎಂದು ಕೇಳಿದ್ದೂ, ಅವನು ತೊಳೆದಿದ್ದೀನಿ ಎಂದು ಅಂದದ್ದೂ ನನಗೆ ನೆನಪಿದೆ. ಮಧ್ಯಾಹ್ನ ಅವ್ವ ಸೊಪ್ಪಿನ ತೋಟಕ್ಕೆ ಹೋದಳು. ಅಪ್ಪ, ನಂದಿನಿ ತೊಳೆದ ತಟ್ಟೆಗಳನ್ನು ಅಂಗಳದ ಬಿಸಿಲಿಗೆ ಒರಗಿಸುತ್ತಿದ್ದರು; ಇಬ್ಬರ ನಗು ಒಳಕ್ಕೆ ಕೇಳುತ್ತಿತ್ತು. ನಾನು ವೈರು ಕಿತ್ತೆ. ಡಬ್ಬಿ ಬಿಚ್ಚಿ ಸ್ಪಂಜು ತೆಗೆದು, ಲಂಗದ ಮರೆಯಲ್ಲಿ ಹಿಡಿದುಕೊಂಡು ಹುಳದ ಮನೆಗೆ ಹೋಗುವ ಒಳಬಾಗಿಲಿನ ಟಬ್ಬಿನ ಹತ್ತಿರ ಹೋಗಿ, ನಾನೇ ಕಲಸಿದ ನೀರಿನಲ್ಲಿ ಮುಳುಗಿಸಿ ಒತ್ತಿ ಹಿಡಿದೆ. ಕಂದು ಬಣ್ಣದ ನೀರು ಹೊಗೆಯ ಹಾಗೆ ಹೊರಟಿತು. ಹಿಂಡಿದೆ, ಮತ್ತೆ ಮುಳುಗಿಸಿದೆ. ಆಮೇಲೆ ವಾಸನೆ ಹೋಗುವ ತನಕ ಬೋರಿನ ನೀರಿನಲ್ಲಿ ಜಾಲಿಸಿ, ಇದ್ದ ಹಾಗೇ ಕೂರಿಸಿ, ವೈರು ಸಿಕ್ಕಿಸಿದೆ. ಗುಳುಗುಳು ಮತ್ತೆ ಶುರುವಾಯಿತು. ಯಾರಾದರೂ ಕೇಳಿದರೆ ಹೇಳಲು ಉತ್ತರವೂ ರೆಡಿಯಿತ್ತು: ಇವತ್ತು ಮನೆಯಲ್ಲಿ ಎಲ್ಲ ತೊಳೆದೆವಲ್ಲ, ಅದನ್ನೂ ತೊಳೆದೆ. ನಮ್ಮ ಮನೆಯಲ್ಲಿ ಅದಕ್ಕಿಂತ ನಂಬುವಂಥ ಮಾತು ಇರಲಿಲ್ಲ. ಅವತ್ತು ಸಂಜೆ ನಾನು ಎರಡು ಮುದ್ದೆ ಉಂಡೆ.

ಶುಕ್ರವಾರ ಸಂಜೆಯೂ ನಳಿಗೆ ಹಳದಿಯಾಗಿಯೇ ಇತ್ತು. ಶನಿವಾರ ನಂದಿನಿ ನಳಿಗೆಯನ್ನು ಬೆಳಕಿಗೆ ಹಿಡಿದಳು. ಹಸಿರು. ಔಷಧಿ ಹೆಚ್ಚಾಯಿತೇನೋ ಎಂದು ಇನ್ನೊಂದು ಸಲ ಮಾಡಿದಳು. ಮತ್ತೂ ಹಸಿರು. ಫಿಲ್ಟರು ಬಿಚ್ಚಿ ಸ್ಪಂಜು ಹಿಂಡಿದಳು; ತಿಳಿ ನೀರು ಬಂತು. ಅವಳು ಅದನ್ನು ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು.

"ಜಿಡ್ಡೇ ಇಲ್ಲ ಮಾವ. ಎಲ್ಲಾ ಸತ್ತೋಗಿದೆ."

ಅಪ್ಪ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ತಿರುಗಿಸಿ ನೋಡಿಕೊಂಡ. ವರ್ಷಗಟ್ಟಲೆ ಪೌಡರಿನ ನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿಯೆಲ್ಲ ಬೆಳ್ಳಗೆ ಸುಲಿದ ಕೈ.

"ನಾನೇ ಕಣವ್ವ. ಗುರುವಾರ ಇದೇ ಕೈಯ ಒಳಕ್ಕೆ ಹಾಕ್ಬುಟ್ಟೆ. ತೊಳ್ಕಂಡಿದ್ದೆ, ಆದ್ರೂ ಉಗುರ್ ಸಂದೀಲಿ ಪೌಡ್ರು ಇತ್ತೋ ಏನೋ. ತಪ್ಪಾಯ್ತು ಕಣವ್ವ. ನಿಮ್ಮಪ್ಪಂಗೆ ನಾನೇ ಫೋನ್ ಮಾಡ್ತೀನಿ, ಮೀನ್ ತರಬ್ಯಾಡ ಅಂತೀನಿ."

ನಂದಿನಿ ಪರವಾಗಿಲ್ಲ ಮಾವ ಅಂದಳು, ಅಂದು ಅತ್ತಳು. ಭಾನುವಾರ ಮೀನು ಬರುವಾಗ ತನ್ನಪ್ಪನೂ ಬರುತ್ತಾನೆ, ತನ್ನವ್ವನ ಸುದ್ದಿ ತರುತ್ತಾನೆ ಎಂದು ಅವಳು ಎಷ್ಟು ದಿನದಿಂದ ಕಾಯುತ್ತಿದ್ದಳು ಎಂಬುದು ಆ ಅಳು ಕೇಳಿದ ಮೇಲೆ ನನಗೆ ತಿಳಿಯಿತು. ಅಪ್ಪ ಯಾರ ಮುಂದೆಯೂ ತಪ್ಪಾಯಿತು ಎಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅವ್ವನಿಗಂತೂ ಆ ಭಾಗ್ಯ ಎಂದೂ ಸಿಕ್ಕಿರಲಿಲ್ಲ. ಹದಿಮೂರು ವರ್ಷದ ಹುಡುಗಿಯ ಮುಂದೆ ಅಂದ. ಅದಕ್ಕೂ ನನಗೆ ಹೊಟ್ಟೆಕಿಚ್ಚೇ ಆಯಿತು, ನೋಡಿ ನನ್ನ ಬುದ್ಧಿ.

ಆಮೇಲೆ ನಾನು ಬಯಸಿದ್ದೇ ನಡೆಯಿತು. ಅಪ್ಪ ತೊಟ್ಟಿಯ ಹತ್ತಿರ ಹೋಗುವುದನ್ನು ಬಿಟ್ಟ. ನಂದಿನಿ ಕರೆದರೂ, "ಬ್ಯಾಡವ್ವ, ನನ್ ಕೈ ಸರಿಯಿಲ್ಲ" ಎಂದು ದೂರದಿಂದಲೇ ಕೇಳಿ ಹೊರಗೆ ಹೋಗಿ ಜಗಲಿಯ ಮೇಲೆ ಕೂರುತ್ತಿದ್ದ. ಕಾಫಿ ಆರಿ ಹೋಗುತ್ತಿತ್ತು. ಚಾಕಿ ಹುಳ ಬಂದವು. ಸಣ್ಣ ಹುಳಕ್ಕೆ ಸೊಪ್ಪು ಹೆಚ್ಚಿ ಹಾಕುವಾಗಲೂ ಅವನ ಕೈಗಳು ಹಿಂದೆಮುಂದೆ ನೋಡುತ್ತಿದ್ದವು. ಬೆಳೆಗಾರ ತನ್ನ ಕೈಯನ್ನೇ ನಂಬದೆ ಹೋದರೆ ಹುಳದ ಮನೆಯೊಳಗೆ ಅವನಿಗೆ ಉಳಿಯುವುದು ಏನು? ಇದು ಆಗ ನನಗೆ ಇಷ್ಟು ಸ್ಪಷ್ಟವಾಗಿ ಗೊತ್ತಿರಲಿಲ್ಲ. ಅಪ್ಪ ಸರಿಯಾಗಿಲ್ಲ, ಅದು ನನ್ನಿಂದ ಎಂದು ಮಾತ್ರ ಗೊತ್ತಿತ್ತು. ನಾಲ್ಕನೆಯ ಸಂಜೆ ನಾನು ಹೋಗಿ ಅವನ ಪಕ್ಕ ಕೂತೆ. ಒಂದು ತಿಂಗಳಿನಿಂದ ಹಪಹಪಿಸಿದ್ದ ಜಾಗ ಅದು. ಅವನು ಸರಿದು ಜಾಗ ಮಾಡಿಕೊಟ್ಟ.

"ಅಪ್ಪ, ನಿನ್ ಕೈಯಿಂದ ಆಗಿದ್ದಲ್ಲ. ಸ್ಪಂಜನ್ನ ನಾನು ಪೌಡ್ರ್ ನೀರ್‌ಗೆ ಅದ್ದಿದ್ದು."

ಅಪ್ಪ ನನ್ನ ಕಡೆ ತಿರುಗಿದ.

"ಗೊತ್ತಿದ್ದೂ ಮಾಡ್ದ್ಯಾ, ಗೊತ್ತಿಲ್ದೆ ಮಾಡ್ದ್ಯಾ?"

ರೆಡಿಯಿದ್ದ ಉತ್ತರ ನಾಲಿಗೆಯ ಮೇಲೇ ಇತ್ತು. ಹೇಳಿದ್ದರೆ ನಂಬುತ್ತಿದ್ದ.

"ಗೊತ್ತಿದ್ದೂ."

"ಯಾಕವ್ವ?"

"ಅವ್ಳು ಬಂದ್ಮೇಲೆ ನಿಂಗೆ ನಾನ್ ಬೇಡ."

ಏಟಿಗಾಗಿ ಕತ್ತು ಬಗ್ಗಿಸಿ ಕೂತೆ. ಬೀಳಲಿಲ್ಲ. ತಲೆ ಎತ್ತಿ ನೋಡಿದರೆ ಅಪ್ಪ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ. ಅವನ ಮುಖ ಗೆಲುವಾಗಿತ್ತು. ನನ್ನ ಮೇಲೆ ಸಿಟ್ಟಾಗುವುದನ್ನೇ ಮರೆತವನ ಹಾಗೆ, "ಹಂಗಾರೆ ನನ್ ಕೈಯಲ್ಲ" ಎಂದ. ಎದ್ದ. ನನ್ನನ್ನು ಅಲ್ಲೇ ಬಿಟ್ಟು ದಡದಡನೆ ಒಳಗೆ ಹೋದ. ಅಷ್ಟು ದೊಡ್ಡ ಮಾತು ಹೇಳಿದ ನನಗೆ ಸಿಕ್ಕಿದ್ದು ಖಾಲಿ ಜಗಲಿ. ಒಳಗಿನಿಂದ ಅವನ ದನಿ ಕೇಳಿಸಿತು.

"ನಂದಿನಿ, ನನ್ ಕೈಯಿಂದ ಆಗಿದ್ದಲ್ಲ ಕಣವ್ವ."

"ಮತ್ತೆ ಯಾರಿಂದ ಮಾವ?"

ಈಗ ನನ್ನ ಹೆಸರು ಬರುತ್ತದೆ, ಅವ್ವ ಓಡಿ ಬರುತ್ತಾಳೆ, ಪೊರಕೆ ಬರುತ್ತದೆ.

"ಏನೋ ಆಯ್ತು ಬುಡವ್ವ, ಯಾರ್ ಕಂಡವ್ರೆ. ತತ್ತಾ ಆ ಡಬ್ಬಿಯ, ಮತ್ತೆ ಮೊದ್ಲಿಂದ ಶುರು ಮಾಡನ."

ನನಗೆ ನಾಚಿಕೆಯಾಯಿತು. ನೆಲ ಬಿರಿದು ನುಂಗಬಾರದೇ ಅನ್ನುವಷ್ಟು ಆಯಿತು. ಆದರೆ ಅದರ ಅಡಿಯಲ್ಲಿ ಇನ್ನೊಂದು ಇತ್ತು, ಅದನ್ನೂ ಬರೆದುಬಿಡುತ್ತೇನೆ. ಅಷ್ಟು ದಿನಗಳಲ್ಲಿ ಮೊದಲ ಸಲ, ಅಪ್ಪ ಅವಳಿಗೆ ಹೇಳದ ಒಂದು ಮಾತು ನನಗೆ ಗೊತ್ತಿತ್ತು. ಅದು ನನಗೂ ಅಪ್ಪನಿಗೂ ಮಾತ್ರ ಗೊತ್ತಿತ್ತು. ಅದು ನನ್ನ ತಪ್ಪೇ, ಇರಲಿ. ಒಳಗೆ ಹೋಗುವ ಮೊದಲು ನಾನು ಅಲ್ಲೇ ಒಂದಿಷ್ಟು ಹೊತ್ತು ಕೂತು ಅದಕ್ಕೆ ಸಂತೋಷಪಟ್ಟೆ.